ಕೇಳಿ ನೋಡಲಾಗಿದೆ

ಆ ಡೈನೊ ಶೆಡ್ಡಿನಲ್ಲಿ ಮಾವ ಹೆಡ್‌ಫೋನ್ ಹಾಕಿಕೊಂಡರೆಂದರೆ ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಗಾಳಿ ತುಂಬುವ ಕಂಪ್ರೆಸರ್ ಆಫ್. ಗಿರಾಕಿಯ ಮೊಬೈಲ್ ಆಫ್. ಒಮ್ಮೆ ಒಬ್ಬ ಗಿರಾಕಿ ತಡೆಯಲಾರದೆ ಸೀನಿಬಿಟ್ಟಿದ್ದಕ್ಕೆ ಅವನ ಕಾರನ್ನು ರೋಲರ್ ಮೇಲಿನಿಂದ ಇಳಿಸಿ, ನೆಗಡಿ ವಾಸಿ ಮಾಡ್ಕೊಂಡು ಬಾ ಅಂತ ವಾಪಸ್ಸು ಕಳಿಸಿದ್ದರು. ಅರವತ್ನಾಲ್ಕು ವರ್ಷದ ಈ ಮನುಷ್ಯನಿಗೆ ಕಾರಿನ ಹುಚ್ಚಿನವರೆಲ್ಲ ಸೇರಿ ಇಟ್ಟಿದ್ದ ಹೆಸರು ‘ಕಿವಿ’. ಕಿವಿಯವರ ಹತ್ತಿರ ಹೋಗು ಎಂದರೆ ಸಾಕಿತ್ತು, ವಿಳಾಸ ಕೇಳುವವರಿರಲಿಲ್ಲ.

ಡೈನೊ ಎಂದರೆ ಕಾರು ನಿಂತಲ್ಲೇ ಓಡುವ ಯಂತ್ರ. ನೆಲದಲ್ಲಿ ಹುದುಗಿಸಿದ ಉಕ್ಕಿನ ರೋಲರುಗಳ ಮೇಲೆ ಹಿಂದಿನ ಚಕ್ರಗಳನ್ನು ಕೂರಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದು, ಮುಂದೆ ಆಳೆತ್ತರದ ಫ್ಯಾನ್ ಹಚ್ಚಿ ಆಕ್ಸಿಲರೇಟರ್ ನೆಲಕ್ಕೊತ್ತಿದರೆ ಕಾರು ಇನ್ನೂರೈವತ್ತರ ವೇಗದಲ್ಲಿ ಓಡುತ್ತಲೂ ಇರುತ್ತದೆ, ಎಲ್ಲಿಗೂ ಹೋಗುವುದೂ ಇಲ್ಲ. ಎಂಜಿನ್ನಿನ ತಾಕತ್ತು ಎಷ್ಟೆಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಟರ್ಬೊ ಇರುವ ಕಾರಿನಲ್ಲಿ ಒಳಕ್ಕೆ ತುರುಕುವ ಗಾಳಿಯನ್ನು ಹೆಚ್ಚಿಸುತ್ತ, ಕಿಡಿ ಹಾರುವ ಗಳಿಗೆಯನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತರುತ್ತ ಹೋದರೆ ಆ ಗೆರೆ ಏರುತ್ತದೆ. ಏರುತ್ತ ಏರುತ್ತ ಒಂದು ಹಂತದಲ್ಲಿ ಪೆಟ್ರೋಲು ತಾಳ್ಮೆಗೆಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಅದಕ್ಕೆ ನಾಕಿಂಗ್ ಅನ್ನುತ್ತಾರೆ. ತಗಡಿನ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಒಂದೆರಡು ಸಲವಾದರೆ ಎಂಜಿನ್ ಹೊಟ್ಟೆಗೆ ಹಾಕಿಕೊಳ್ಳುತ್ತದೆ; ಎರಡು ಮೂರು ಸೆಕೆಂಡು ಬಿಡದೆ ಬಂದರೆ ಪಿಸ್ಟನ್ ತೂತು.

ಆ ಸದ್ದು ಹಿಡಿಯುವುದೇ ಮಾವನ ವಿದ್ಯೆ. ಗೇಣುದ್ದದ ತಾಮ್ರದ ಕೊಳವೆಯ ಒಂದು ತುದಿಯನ್ನು ಎಂಜಿನ್ನಿಗೆ ಬೋಲ್ಟ್ ಮಾಡಿ, ಇನ್ನೊಂದು ತುದಿಯಿಂದ ರಬ್ಬರ್ ಪೈಪ್ ಎಳೆದು, ಎರಡೂ ಕಿವಿ ಮುಚ್ಚುವ ದಪ್ಪ ಹೆಡ್‌ಫೋನಿಗೆ ಅವರೇ ಜೋಡಿಸಿಕೊಂಡಿದ್ದರು. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಅದನ್ನು ತಲೆಗೇರಿಸಿಕೊಂಡು ಡ್ರೈವರ್ ಬಾಗಿಲ ಮುಂದೆ ನಿಲ್ಲುವರು. ಬಲಗೈ ತೋರುಬೆರಳು ಎತ್ತಿದರೆ ನಾಕಿಂಗ್ ಬಂತು ಅಂತ; ಡ್ರೈವರ್ ಸೀಟಿನಲ್ಲಿ ಕೂತ ಮಗ ತಕ್ಷಣ ಕಾಲು ತೆಗೆಯಬೇಕು. ಬೆರಳು ಏಳದಿದ್ದರೆ ಆಕಾಶವೇ ಕಳಚಿ ಬಿದ್ದರೂ ತೆಗೆಯಬಾರದು. ಮಗನಿಗೆ ಹದಿನೆಂಟು ವರ್ಷದಿಂದ ಇದೇ ಅಭ್ಯಾಸ. ಅವನ ಬಲಗಾಲು ಅವನದಲ್ಲ, ಅಪ್ಪನ ಬೆರಳಿನದು ಎಂದು ಅವನ ಹೆಂಡತಿ ಮನಸ್ಸಿನಲ್ಲೇ ಹಂಗಿಸುತ್ತಿದ್ದಳು.

ಹೆಂಡತಿ, ಅಂದರೆ ಆ ಮನೆಯ ಸೊಸೆ, ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವಳು. ಮದುವೆಗೆ ಮುಂಚೆ ಪಂಪ್‌ಸೆಟ್ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿದ್ದಳು. ನೀರು ಎಷ್ಟೆತ್ತರಕ್ಕೆ ಹೋಯಿತು, ಮೋಟಾರು ಎಷ್ಟು ಬಿಸಿಯಾಯಿತು ಅಂತ ದಿನವಿಡೀ ಗೆರೆ ನೋಡಿದ ಕಣ್ಣು. ಮದುವೆಯಾಗಿ ಬಂದ ಮೊದಲ ವರ್ಷವೇ ಕೆಳಗಿನ ಶೆಡ್ಡಿಗಿಳಿದಳು. ಮೇಲೆ ಮನೆ, ಕೆಳಗೆ ಶೆಡ್ಡು. ನಡುವೆ ಹದಿನಾರು ಮೆಟ್ಟಿಲಿನ ಕಬ್ಬಿಣದ ಏಣಿ. ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು, ಕಿಡಿ ಯಾವಾಗ ಎಂಬುದನ್ನೆಲ್ಲ ಕಾರಿನ ಕಂಪ್ಯೂಟರಿಗೆ ತುಂಬುವವಳು ಅವಳು. ಏಳು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಕಾರು ಅವಳ ಬೆರಳ ತುದಿಯಲ್ಲಿ ಹಾದುಹೋಗಿದ್ದವು.

ಗಿರಾಕಿಗಳು ಕೇಳಿದರೆ ಮಾವ ಹೇಳುತ್ತಿದ್ದುದು ಬೇರೆ. “ಇವಳಾ? ಟೈಪಿಸ್ಟು. ನಾನ್ ಕೇಳ್ತೀನಿ, ಇವಳು ಹೊಡೀತಾಳೆ.”

ಕೆಲಸ ಮುಗಿದ ಪ್ರತಿ ಕಾರಿಗೂ ಒಂದು ಶೀಟು ಪ್ರಿಂಟಾಗುತ್ತಿತ್ತು: ಗೆರೆ, ಅದರ ಕೆಳಗೆ ಹಾರ್ಸ್‌ಪವರ್, ಅದರ ಕೆಳಗೆ ಮಾವನ ರಬ್ಬರ್ ಮೊಹರು. ‘ಕೇಳಿ ನೋಡಲಾಗಿದೆ.’ ಮೊಹರಿನ ಪಕ್ಕ ಅವರ ಸಹಿ. ಒಂದು ಪ್ರತಿ ಗಿರಾಕಿಗೆ, ಇನ್ನೊಂದು ಗೋಡೆಗೆ. ಬಾಗಿಲಿನಿಂದ ಹಿಡಿದು ಟೂಲ್ ಬೋರ್ಡಿನವರೆಗೂ ಗೋಡೆ ತುಂಬ ಅದೇ ಕಾಗದ, ಅದೇ ಸಹಿ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು: ಆ ಸಹಿಯ ಪಕ್ಕ ತನ್ನದೊಂದು ಸಹಿ. ಚಿನ್ನ ಕೇಳಲಿಲ್ಲ, ಬೇರೆ ಮನೆ ಮಾಡೋಣ ಅಂತ ಗಂಡನ ಕಿವಿ ಕಚ್ಚಲಿಲ್ಲ. ಮೂರನೇ ವರ್ಷ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದರು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ; ಮರೆಯಲೂ ಇಲ್ಲ. ಬದಲಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಏರ್ಪಾಟು ಮಾಡಿಕೊಂಡಳು. ಕಾರಿನ ಲೆಕ್ಕದಲ್ಲಿ ಯಾವ ಅಂಕಿ ಬದಲಾದರೂ ಅದರ ಪಕ್ಕ ಗಂಟೆ, ನಿಮಿಷ, ಅವಳ ಹೆಸರು ತಾನಾಗಿ ದಾಖಲಾಗುತ್ತಿತ್ತು. ಗೋಡೆಯ ಮೇಲೆ ಇಲ್ಲದಿದ್ದರೇನು, ಒಳಗಾದರೂ ಇರಲಿ.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಆ ಕಿವಿ ಒಂದು ಕಾಲಕ್ಕೆ ನಿಜವಾದ ಕಿವಿಯೇ ಆಗಿತ್ತು. ನಾಕಿಂಗ್ ಹಿಡಿಯುವ ಸೆನ್ಸರು ಎಂಜಿನ್ನಿನಲ್ಲೇ ಇರುತ್ತದೆ, ಅದರ ಕೆಂಪು ಗೆರೆ ಅವಳ ಪರದೆಯ ಮೇಲೆ ಏಳುತ್ತದೆ. ಆದರೆ ಮಾವ ಹೇಳುವ ಹಾಗೆ ಸೆನ್ಸರು ಬೀದಿನಾಯಿ: ಕಳ್ಳ ಬಂದರೂ ಬೊಗಳುತ್ತದೆ, ಎಲೆ ಬಿದ್ದರೂ ಬೊಗಳುತ್ತದೆ. ಯಾವುದು ಕಳ್ಳ, ಯಾವುದು ಎಲೆ ಎಂದು ಅವಳು ಕಲಿತದ್ದು ಅವರ ಬೆರಳನ್ನು ನೋಡಿಯೇ. ಬೆರಳು ಎದ್ದಾಗ ಕೆಂಪು ಹೇಗಿತ್ತು, ಏಳದಿದ್ದಾಗ ಹೇಗಿತ್ತು ಅಂತ ನಾಲ್ಕು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಲಿತಳು. ಹಾಗೆ ಕಲಿಯುವಾಗ ಒಂದು ಚಾಳಿ ಅಂಟಿಕೊಂಡಿತು. ನಿಜವಾದ ನಾಕಿಂಗ್ ಕಂಡ ತಕ್ಷಣ ಕೆಳತುಟಿ ಕಚ್ಚುವುದು. ಅದು ತನಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ವರ್ಷದ ಹಿಂದೆ. ರೋಲರ್ ಮೇಲಿದ್ದದ್ದು ಯಾವುದೋ ಹಳದಿ ಕಾರು. ಗಂಡ ಆಕ್ಸಿಲರೇಟರ್ ಒತ್ತಿದ, ಶೆಡ್ಡು ಅದುರಿತು, ಕೆಂಪು ಎದ್ದಿತು, ಅದೇ ಗಳಿಗೆಗೆ ಮಾವನ ಬೆರಳೂ ಎದ್ದಿತು. ಎಲ್ಲ ಎಂದಿನಂತೆ. ಆದರೆ ಅವಳ ಕಣ್ಣು ಹೆಡ್‌ಫೋನಿನಿಂದ ಇಳಿದ ರಬ್ಬರ್ ಪೈಪಿನ ಕಡೆ ಹೋಯಿತು. ಅದು ತಾಮ್ರದ ಕೊಳವೆಯಿಂದ ಕಳಚಿಕೊಂಡು, ಫ್ಯಾನಿನ ಗಾಳಿಗೆ ಹಲ್ಲಿಯ ಬಾಲದ ಹಾಗೆ ಒದ್ದಾಡುತ್ತಿತ್ತು. ಆ ಪೈಪಿನಲ್ಲಿ ಗಾಳಿಯ ಸದ್ದಲ್ಲದೆ ಇನ್ನೇನೂ ಬರುವಂತಿರಲಿಲ್ಲ. ಮತ್ತೆ ಬೆರಳು ಹೇಗೆ ಎದ್ದಿತು?

ಮೂರು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಮನೆಯಲ್ಲಿ ಮಾವನನ್ನು ಗಮನಿಸತೊಡಗಿದಳು. ಬಟ್ಟೆ ಒಗೆದು ಮುಗಿದಾಗ ವಾಷಿಂಗ್ ಮಷೀನು ಕೀ ಕೀ ಎನ್ನುತ್ತದಲ್ಲ, ಅದರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಮಾತು ಕೇಳಿಸುತ್ತಿತ್ತು, ಬಾಗಿಲು ಬಡಿದದ್ದು ಕೇಳಿಸುತ್ತಿತ್ತು. ಸಣ್ಣ ಚೂಪು ಸದ್ದುಗಳು ಮಾತ್ರ ಅವರ ಪಾಲಿಗೆ ಸತ್ತೇ ಹೋಗಿದ್ದವು. ನಾಕಿಂಗ್ ಅಂಥದೇ ಸದ್ದು. ನಾಲ್ಕನೇ ದಿನ ಕಾರಿನಲ್ಲಿ ಕೂತಾಗ ಅವಳು ಪರದೆ ಬಿಟ್ಟು ಮಾವನನ್ನೇ ನೋಡಿದಳು. ಅವರು ಎಂಜಿನ್ ಕಡೆ ನೋಡುತ್ತಿರಲಿಲ್ಲ, ಮಗನ ಕಡೆಯೂ ಇಲ್ಲ. ಕಿಟಕಿಯ ಗಾಜಿನೊಳಗಿಂದ ಅವಳ ಬಾಯಿಯನ್ನೇ ನೋಡುತ್ತಿದ್ದರು.

ಕೆಂಪು ಇರಲಿಲ್ಲ. ಆದರೂ ಬೇಕೆಂದೇ ತುಟಿ ಕಚ್ಚಿದಳು. ಬೆರಳು ಎದ್ದಿತು.

ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಕೆಮ್ಮು ಬಂದವಳಂತೆ ನಟಿಸಿ ನಗು ನುಂಗಿದಳು. ಹೊರಗೆ ಮಾವ ಹೆಡ್‌ಫೋನ್ ಕೆಳಗಿಳಿಸಿ ಗಿರಾಕಿಗೆ ಹೇಳುತ್ತಿದ್ದರು: “ಕೇಳ್ತಾ? ನಿಮಗೆಲ್ಲಿ ಕೇಳ್ಬೇಕು ಬಿಡಿ. ಅದಕ್ಕೆ ಬೇರೆ ಕಿವೀನೇ ಬೇಕು.”

ಆ ದಿನ ರಬ್ಬರ್ ಪೈಪು ನೆಟ್ಟಗೆ ಸಿಕ್ಕಿಸು ಅಂತ ಗಂಡನಿಗೆ ಹೇಳುವ ನೆಪದಲ್ಲಿ ವಿಷಯ ತಿಳಿಸಿದಳು. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತ ಒರೆಸುತ್ತ ನಿಂತ. “ಬಿಡು. ಕಾರುಗಳು ಚೆನ್ನಾಗೇ ಹೋಗ್ತಿವೆಯಲ್ಲ.”

“ಚೆನ್ನಾಗ್ ಹೋಗ್ತಿರೋದು ಯಾರಿಂದ?”

“ನಿನ್ನಿಂದಾನೇ. ನನಗೊತ್ತಲ್ಲ. ಅಷ್ಟು ಸಾಲ್ದಾ?”

ಸಾಲದು. ಗಂಡನಿಗೆ ಗೊತ್ತಿರುವುದನ್ನು ಗೋಡೆಗೆ ಹೊಡೆಯಲಾಗುತ್ತದೆಯೇ?

ಆದರೂ ಅವಳು ಬಾಯಿಬಿಡಲಿಲ್ಲ. ಒಳ್ಳೆಯತನದಿಂದ ಅಂದುಕೊಳ್ಳಬೇಡಿ. ಅವಳಿಗೆ ಆಟ ಸಿಕ್ಕಿತ್ತು. ಬೇಜಾರಾದ ದಿನ ಗಟ್ಟಿಮುಟ್ಟಾದ ಕಾರಿನಲ್ಲಿ ಕೂತು ತುಟಿ ಕಚ್ಚುವಳು. ಮಾವ ಬೆರಳೆತ್ತಿ, ಇಲ್ಲದ ನಾಕಿಂಗಿನ ಬಗ್ಗೆ ಗಿರಾಕಿಗೆ ಕಾಲು ಗಂಟೆ ಉಪನ್ಯಾಸ ಕೊಡುವರು. ಒಮ್ಮೆ ಒಂದೇ ಕಾರಿಗೆ ಒಂಬತ್ತು ಸಲ ಬೆರಳೆತ್ತಿಸಿದಳು. ಆ ಗಿರಾಕಿ ಕೊನೆಗೆ ಮಾವನಿಗೆ ಕೈಮುಗಿದು, ತನ್ನ ಎಂಜಿನ್ ಉಳಿಸಿದ ಪುಣ್ಯಾತ್ಮ ಎಂದು ಹೋದ. ಆ ಸಂಜೆ ಅವಳು ಮೆಟ್ಟಿಲು ಹತ್ತುವಾಗ ಹಾಡು ಗುನುಗುತ್ತಿದ್ದಳು. ಟೈಪಿಸ್ಟು ಎನ್ನಿಸಿಕೊಂಡ ಪ್ರತಿಯೊಂದು ಸಲಕ್ಕೂ ಒಂದೊಂದು ಬೆರಳು ವಸೂಲು ಮಾಡುತ್ತಿದ್ದಳು. ಮುದುಕ ತನ್ನ ತುಟಿಯ ಗೊಂಬೆ ಎಂಬುದು ಅವಳ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು.

ಡಾಕ್ಟರ ಕಾರು ಕಡುನೀಲಿ, ನೆಲಕ್ಕೆ ಅಂಟಿದಂತಿರುವ ಎರಡು ಸೀಟಿನದು. ಆರು ಸಿಲಿಂಡರು, ಎರಡು ಟರ್ಬೊ. ಅವುಗಳನ್ನು ಹೊಸದಾಗಿ ಹಾಕಿಸಿಕೊಂಡು ಬಂದಿದ್ದರು. ಭಾನುವಾರ ಓಟದ ಮೈದಾನದಲ್ಲಿ ಓಡಿಸಬೇಕು, ಎಂಟುನೂರು ಹಾರ್ಸ್‌ಪವರ್ ಬೇಕು. ದಿನವಿಡೀ ಬೇರೆಯವರ ಬಾಯಲ್ಲಿ ಡ್ರಿಲ್ ಇಡುವ ಮನುಷ್ಯನಾದ್ದರಿಂದಲೋ ಏನೋ, ಮಾತು ಕಡಿಮೆ, ನೋಟ ನೇರ. ಎರಡು ದಿನ ಕೆಲಸ ನಡೆಯಿತು. ಮೊದಲ ದಿನ ಆರುನೂರ ಹತ್ತು. ಎರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ಏಳುನೂರ ಎಪ್ಪತ್ತು. ಎಂಜಿನ್ ಒಂದು ಸಲವೂ ಗೊಣಗಲಿಲ್ಲ. ಗಾಳಿ, ಪೆಟ್ರೋಲು, ಕಿಡಿ ಮೂರನ್ನೂ ಅವಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸರಿಹೊಂದಿಸಿದ್ದಳು. ಇಷ್ಟು ಚೆಂದದ ಗೆರೆಯನ್ನು ಅವಳು ತನ್ನ ಜನ್ಮದಲ್ಲಿ ಬರೆದಿರಲಿಲ್ಲ.

ಹನ್ನೊಂದಕ್ಕೆ ಕಾಫಿ ಬಂತು. ಡಾಕ್ಟರು ಲೋಟ ಹಿಡಿದು ಗೋಡೆಯ ಶೀಟುಗಳನ್ನು ನೋಡುತ್ತ ನಿಂತಿದ್ದರು. ಅವಳಿಗೆ ಯಾವ ಧೈರ್ಯ ಬಂತೋ.

“ಮಾವ, ಈ ಕಾರಿನ ಶೀಟಿಗೆ ನನ್ನ ಸಹೀನೂ ಹಾಕ್ತೀನಿ.”

ಮಾವ ಬಿಸ್ಕೆಟ್ಟನ್ನು ಕಾಫಿಯಲ್ಲಿ ಅದ್ದಿ, ಮೆತ್ತಗಾಗುವವರೆಗೂ ಕಾದು, ಬಾಯಿಗೆ ಹಾಕಿಕೊಂಡರು. ಆಮೇಲೆ ಡಾಕ್ಟರ ಕಡೆ ತಿರುಗಿದರು. “ನೋಡಿದ್ರಾ ಡಾಕ್ಟ್ರೇ? ನಿಮ್ಮ ಆಸ್ಪತ್ರೇಲಿ ಚೀಟಿ ಬರೆಯೋ ಹುಡುಗಿ ಇರ್ತಾಳಲ್ಲ, ಅವಳೂ ಒಂದಿನ ನಾನೇ ಹಲ್ಲು ಕಿತ್ತಿದ್ದು ಅಂದ್ರೆ ಹೇಗಿರುತ್ತೆ?”

ಡಾಕ್ಟರು ನಕ್ಕರು. ಕೆಟ್ಟ ನಗೆಯೇನಲ್ಲ, ಮರ್ಯಾದೆಗೆ ನಕ್ಕ ನಗೆ. ಅದೇ ಅವಳಿಗೆ ಚುಚ್ಚಿತು.

“ಸಹಿ ಹಾಕೋಕೆ ಮೊದಲು ಕಿವಿ ಬೇಕಮ್ಮಾ,” ಎಂದರು ಮಾವ. “ಕೇಳಿ ನೋಡಲಾಗಿದೆ ಅಂತಿದೆ ಅಲ್ಲಿ. ಟೈಪ್ ಮಾಡಿ ನೋಡಲಾಗಿದೆ ಅಂತಿಲ್ಲ.”

ಗಂಡ ಫ್ಯಾನಿನ ಪ್ಲಗ್ಗು ನೋಡಲು ಹೋದ. ಆ ಪ್ಲಗ್ಗಿಗೆ ಏನೂ ಆಗಿರಲಿಲ್ಲ.

ಅವಳು ಲೋಟಗಳನ್ನು ತೊಳೆದಳು. ಮೂರು ಲೋಟ ತೊಳೆಯುವಷ್ಟರಲ್ಲಿ ತೀರ್ಮಾನವಾಗಿತ್ತು. ತಣ್ಣಗೆ, ಅಚ್ಚುಕಟ್ಟಾಗಿ. ಕೊನೆಯ ಓಟಕ್ಕೆ ಮುಂಚೆ ಕಿಡಿಯನ್ನು ಎರಡು ಡಿಗ್ರಿ ಹೆಚ್ಚು ಮುಂದಕ್ಕೆ ತರುವುದು. ನಾಕಿಂಗ್ ಬಂದೇ ಬರುತ್ತದೆ. ತುಟಿಯನ್ನು ಅಲುಗಾಡಿಸಬಾರದು. ಬೆರಳು ಏಳುವುದಿಲ್ಲ. ಒಂದೇ ಸೆಕೆಂಡು. ಲ್ಯಾಪ್‌ಟಾಪಿನಲ್ಲಿ ಒಂದು ಕೀ ಒತ್ತಿದರೆ ಪೆಟ್ರೋಲು ನಿಂತು ಎಂಜಿನ್ ಉಸಿರು ಬಿಡುತ್ತದೆ. ಆಮೇಲೆ ಪರದೆಯನ್ನು ಡಾಕ್ಟರ ಕಡೆ ತಿರುಗಿಸಿ, ಇಷ್ಟೊತ್ತು ಕೆಂಪು ಇತ್ತು, ಕಿವಿಯವರಿಗೆ ಕೇಳಿಸಲೇ ಇಲ್ಲ, ನಿಲ್ಲಿಸಿದವಳು ನಾನು ಎನ್ನುವುದು. ಅಷ್ಟೇ. ಕಾರಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಮುದುಕನಿಗೆ.

ಹನ್ನೊಂದೂ ನಲವತ್ತೆರಡಕ್ಕೆ ಎರಡು ಡಿಗ್ರಿ ಹಾಕಿದಳು.

ಮಾವ ತಾಮ್ರದ ಕೊಳವೆಯನ್ನು ತಟ್ಟಿ ನೋಡಿದರು, ಪೈಪು ಎಳೆದು ನೋಡಿದರು, ಹೆಡ್‌ಫೋನ್ ಏರಿಸಿಕೊಂಡರು. ಕಂಪ್ರೆಸರ್ ಆಫ್ ಆಯಿತು. ಡಾಕ್ಟರು ಮೊಬೈಲ್ ಆಫ್ ಮಾಡಿ ಹಳದಿ ಗೆರೆಯ ಹಿಂದೆ ಹೋಗಿ ನಿಂತರು. ಗಂಡ ಕಿವಿಗೆ ಸ್ಪಂಜು ತುರುಕಿಕೊಂಡು ನಾಲ್ಕನೇ ಗೇರ್ ಹಾಕಿದ. ಅವನ ಕಣ್ಣು ಅಪ್ಪನ ಬಲಗೈ ಮೇಲೆ, ಅಪ್ಪನ ಕಣ್ಣು ಸೊಸೆಯ ಬಾಯಿಯ ಮೇಲೆ, ಸೊಸೆಯ ತೋರುಬೆರಳು ಆ ಒಂದು ಕೀಯ ಮೇಲೆ.

ಕಾಲು ನೆಲಕ್ಕೊತ್ತಿತು. ಟರ್ಬೊಗಳ ಸಿಳ್ಳೆ ಏರಿತು, ಪಟ್ಟಿಗಳು ಬಿಗಿದುಕೊಂಡವು, ಕಾರು ಹಿಂಗಾಲ ಮೇಲೆ ಕುಕ್ಕರಿಸಿತು. ನಿಮಿಷಕ್ಕೆ ಮೂರು ಸಾವಿರ ಸುತ್ತು. ನಾಲ್ಕು ಸಾವಿರ. ಐದು ಸಾವಿರದ ಇನ್ನೂರರಲ್ಲಿ ಕೆಂಪು ಎದ್ದಿತು.

ಎಲೆಯಲ್ಲ, ಕಳ್ಳನೇ. ಇಂಥ ಕೆಂಪನ್ನು ಅವಳು ಕಂಡೇ ಇರಲಿಲ್ಲ. ತುಟಿ ಕಚ್ಚಬೇಕೆಂದು ಹಲ್ಲು ಜುಮುಗುಟ್ಟಿತು. ಕಚ್ಚಲಿಲ್ಲ. ಮಾವನನ್ನು ನೋಡಿದಳು. ಅವರು ತಲೆ ತೂಗುತ್ತಿದ್ದರು. ಕಾರಿನಿಂದ ಕಣ್ಣು ಕೀಳದಿದ್ದ ಡಾಕ್ಟರ ಕಡೆ ಎಡಗೈ ಹೆಬ್ಬೆರಳು ತೋರಿಸಿ, ಎಂಥ ಎಂಜಿನ್, ಒಂದು ಚೂರೂ ಗೊಣಗುತ್ತಿಲ್ಲ ಎಂಬಂತೆ ತಲೆ ತೂಗುತ್ತಿದ್ದರು. ಡಬ್ಬಿಯಲ್ಲಿ ಕಲ್ಲು ಸುರಿಯುತ್ತಿದೆ, ಮುದುಕ ಹಾಡು ಕೇಳುವವನಂತೆ ನಿಂತಿದ್ದಾನೆ. ಇದನ್ನು ನೋಡಲು ಅವಳು ಏಳು ವರ್ಷ ಕಾದಿದ್ದಳು. ಕೀ ಒತ್ತುವ ಹೊತ್ತಾಗಿತ್ತು. ಇನ್ನೊಂದೇ ಒಂದು ಕ್ಷಣ ನೋಡೋಣ ಎನ್ನಿಸಿತು. ನೋಡಿದಳು, ನೋಡುತ್ತ ನೋಡುತ್ತ ನಕ್ಕಳು. ಗಾಜಿನಾಚೆ ಮಾವನೂ ನಕ್ಕರು. ಈ ಮನೆಗೆ ಬಂದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ಅದೇ ಮೊದಲು.

ಆಮೇಲೆ ಢಮ್ ಎಂದಿತು.

ಕಬ್ಬಿಣದ ಬಾಗಿಲನ್ನು ಸುತ್ತಿಗೆಯಲ್ಲಿ ಹೊಡೆದ ಸದ್ದು. ಕಾರಿನ ಹಿಂದೆ ಬಿಳಿ ಹೊಗೆ, ಕೆಳಗೆ ಕಪ್ಪು ಎಣ್ಣೆ. ಅವಳು ಕೀ ಒತ್ತಿದಳು. ನಿಲ್ಲಿಸಲು ಅಲ್ಲೇನೂ ಉಳಿದಿರಲಿಲ್ಲ. ಗಂಡ ಇನ್ನೂ ಅಪ್ಪನ ಬಲಗೈಯನ್ನೇ ನೋಡುತ್ತಿದ್ದ. ಕೈ ಪ್ಯಾಂಟಿನ ಪಕ್ಕದಲ್ಲಿ ತಣ್ಣಗೆ ತೂಗುತ್ತಿತ್ತು. ಅವನ ಕಾಲು ಆಕ್ಸಿಲರೇಟರ್ ಮೇಲೇ ಇತ್ತು.

ರೋಲರು ತಿರುಗಿ ತಿರುಗಿ ನಿಂತಿತು. ಡಾಕ್ಟರು ಹಳದಿ ಗೆರೆ ದಾಟಿ ಬಂದರು. “ಏನಾಯ್ತು?”

ಎಂಜಿನ್ ಒಡೆದಿದ್ದರೂ, ಇದು ಅವಳ ತಪ್ಪೋ ಹಟವೋ, ಅವಳು ಬಾಯಿಪಾಠ ಮಾಡಿಕೊಂಡ ಮಾತನ್ನೇ ಆಡಿದಳು. ಕಾರಿನಿಂದಿಳಿದು ಲ್ಯಾಪ್‌ಟಾಪನ್ನು ಡಾಕ್ಟರ ಮುಂದೆ ಹಿಡಿದಳು. “ನೋಡಿ ಸರ್. ಐದು ಸಾವಿರದ ಇನ್ನೂರರಿಂದ ನಾಕಿಂಗ್ ಇದೆ. ಮೂರು ಸೆಕೆಂಡು. ಮಾವನಿಗೆ ಕೇಳಿಸ್ಲಿಲ್ಲ. ಈ ಕೀ ಒತ್ತಿ ನಿಲ್ಲಿಸಿದವಳು ನಾನು.”

ದಿನಕ್ಕೆ ನಲವತ್ತು ಎಕ್ಸ್‌ರೇ ನೋಡುವ ಕಣ್ಣು ಅದು. ಕೆಂಪನ್ನು ನೋಡಿತು, ಕೆಂಪಿನ ಮೇಲಿದ್ದ ಸಣ್ಣ ಅಕ್ಷರದ ಸಾಲನ್ನೂ ನೋಡಿತು. ಡಾಕ್ಟರು ಕನ್ನಡಕ ಹಣೆಗೇರಿಸಿಕೊಂಡು ಓದಿದರು. “ಹನ್ನೊಂದು ನಲವತ್ತೆರಡು. ಕಿಡಿ, ಎರಡು ಡಿಗ್ರಿ ಹೆಚ್ಚು. ಪಕ್ಕದಲ್ಲೊಂದು ಹೆಸರಿದೆ. ಇದು ಯಾರ ಹೆಸರು?”

ಗೋಡೆಯ ಮೇಲಿಲ್ಲದಿದ್ದರೆ ಒಳಗಾದರೂ ಇರಲಿ ಅಂತ ಅವಳೇ ಬರೆಸಿಕೊಂಡ ಹೆಸರು.

“ನಾನ್ ಹೇಳಿರ್ಲಿಲ್ಲ,” ಎಂದರು ಮಾವ. ಹೆಡ್‌ಫೋನ್ ಕುತ್ತಿಗೆಗೆ ಇಳಿದಿತ್ತು. “ಎರಡು ಡಿಗ್ರಿ ಹಾಕು ಅಂತ ನಾನ್ ಹೇಳ್ಲೇ ಇಲ್ಲ.” ಅದು ನಿಜ.

“ನಿಮಗೂ ಕೇಳಿಸ್ಲಿಲ್ವಾ ಯಜಮಾನ್ರೇ?”

“ಕೇಳ್ದೇ ಏನು? ಬೆರಳೆತ್ತಿದೆ. ಮಗ ನೋಡಿದಾನೆ, ಕೇಳಿ.”

ಎಲ್ಲರೂ ಡ್ರೈವರ್ ಸೀಟಿನ ಕಡೆ ತಿರುಗಿದರು. ಗಂಡ ಕಿವಿಯ ಸ್ಪಂಜು ತೆಗೆದ. ಒಂದು ಸಲ ಅಪ್ಪನನ್ನು ನೋಡಿದ, ಒಂದು ಸಲ ಹೆಂಡತಿಯನ್ನು. ಅವನಿಗೆ ಎಲ್ಲವೂ ಗೊತ್ತಿತ್ತು: ಕಿವಿಯ ಸತ್ಯ, ತುಟಿಯ ಸತ್ಯ, ಪ್ಯಾಂಟಿನ ಪಕ್ಕ ತೂಗುತ್ತಿದ್ದ ಕೈಯ ಸತ್ಯ.

“ಎತ್ತಿದ್ರು,” ಎಂದ. “ನಾನ್ ಕಾಲು ತೆಗೆಯೋಷ್ಟರಲ್ಲಿ ಹೋಯ್ತು.”

“ಸುಳ್ಳು!” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಸರ್, ಇವರಿಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಇವರು ನನ್ನ ತುಟಿ ನೋಡಿ ಬೆರಳೆತ್ತೋದು. ನಾನು ತುಟಿ ಕಚ್ಚಿದ್ರೆ ಎತ್ತುತಾರೆ. ಇವತ್ತು ನಾನು ಕಚ್ಚಲಿಲ್ಲ, ಅದಕ್ಕೇ—”

ಅಷ್ಟು ಹೇಳಿ ನಿಲ್ಲಿಸಿದಳು. ಹೇಳಿದ್ದೇನು ಎಂದು ಕೊನೆಗೆ ಅವಳಿಗೂ ಕೇಳಿಸಿತ್ತು.

ಡಾಕ್ಟರು ಅವಳ ತುಟಿಯನ್ನು ನೋಡಿದರು. ಹುಳುಕು ಹಲ್ಲನ್ನು ನೋಡುವ ಹಾಗೆ, ಕನಿಕರವೂ ಇಲ್ಲದೆ ಸಿಟ್ಟೂ ಇಲ್ಲದೆ. “ಅಂದ್ರೆ ನಾಕಿಂಗ್ ಬರುತ್ತೆ ಅಂತ ಗೊತ್ತಿತ್ತು ನಿಮಗೆ. ಬಂದಿದ್ದೂ ಕಾಣ್ತಿತ್ತು. ನಿಲ್ಸೋಕೆ ಕೀ ಕೈಯಲ್ಲೇ ಇತ್ತು. ಸುಮ್ನೆ ಕೂತಿದ್ರಿ.” ಉತ್ತರಕ್ಕೆ ಕಾಯಲಿಲ್ಲ. ಮಾವನ ಕಡೆ ತಿರುಗಿ, “ಎಂಜಿನ್ ನೀವೇ ಬಿಚ್ಚಿ ಕಟ್ಟಿಕೊಡಬೇಕು ಯಜಮಾನ್ರೇ. ಆಮೇಲೆ ಇದು ಯಾರ ಕೆಲಸ ಅಂತ ಕಾಗದದ ಮೇಲೆ ಬೇಕು ನನಗೆ. ಮಾಡಿದವರದೇ ಸಹಿ ಬೇಕು,” ಎಂದು ಮೊಬೈಲ್ ಆನ್ ಮಾಡುತ್ತ ಹೊರಗೆ ಹೋದರು. ಭಾನುವಾರದ ಓಟಕ್ಕೆ ಬರುವುದಿಲ್ಲ ಎಂದು ಯಾರಿಗೋ ಹೇಳುತ್ತಿದ್ದುದು ಗೇಟಿನ ಕಡೆಯಿಂದ ಕೇಳಿಸಿತು.

ಮಾವ ಪ್ರಿಂಟರಿನ ಹತ್ತಿರ ಹೋದರು. ಅವರೇ ಗುಂಡಿ ಒತ್ತಿದರು. ಅಷ್ಟು ಅವರಿಗೆ ಬರುತ್ತಿತ್ತು. ಶೀಟು ಹೊರಬಂತು. ಗೆರೆ ಏಳುನೂರ ತೊಂಬತ್ತೊಂದರವರೆಗೂ ಚೆಂದವಾಗಿ ಏರಿ, ಅಲ್ಲಿಂದ ಬಾವಿಗೆ ಬಿದ್ದ ಹಾಗೆ ನೇರ ಕೆಳಗಿಳಿದಿತ್ತು. ಅದನ್ನು ಕಾರಿನ ಛಾವಣಿಯ ಮೇಲೆ ಹರಡಿ, ಮೊಹರು ಒತ್ತಿ, ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಇಟ್ಟರು. ತಮ್ಮ ಸಹಿ ಹಾಕಲಿಲ್ಲ.

“ಸಹಿ ಬೇಕು ಅಂತಿದ್ದೆ ಅಲ್ವಾಮ್ಮಾ? ಹಾಕು.”

ಅವಳು ಗಂಡನನ್ನು ನೋಡಿದಳು. ಅವನು ಪಟ್ಟಿ ಬಿಚ್ಚುತ್ತಿದ್ದ, ಬಗ್ಗಿದವನು ಏಳಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು.

ಮಾವ ಅವಳ ಕಡೆ ಬಗ್ಗಿದರು, ಗುಟ್ಟು ಹೇಳುವವರಂತೆ. ಕಿವಿ ಮಂದವಾದವರ ಗುಟ್ಟಿಗೆ ಅಳತೆ ಇರುವುದಿಲ್ಲ. ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದರು. “ಒಂದು ಕಾರಿಗೆ ಒಂಬತ್ತು ಸಲ ಕಚ್ಚಿದ್ದೆ ನೋಡು, ಆವತ್ತೇ ನನಗೆ ಗೊತ್ತಾಯ್ತು, ನಿನಗೆ ಗೊತ್ತು ಅಂತ. ಆಡ್ಕೊಳ್ಳಲಿ ಬಿಡು ಅಂದ್ಕೊಂಡೆ. ನನ್ನ ಆಡಿಸ್ತಾಳೆ, ಎಂಜಿನ್ ಮೇಲೆ ಕೈ ಮಾಡಲ್ಲ ಅಂತ ನಂಬಿದ್ದೆ.” ಶೀಟನ್ನು ಅವಳ ಕಡೆ ಸರಿಸಿದರು. “ಇವತ್ತು ನೀನು ನಕ್ಕಾಗಲೂ ನಂಬ್ದೆ. ಎಂಜಿನ್ ಚೆನ್ನಾಗಿದೆ, ಅದಕ್ಕೇ ನಗ್ತಿದಾಳೆ ಅಂದ್ಕೊಂಡೆ.”

ಅವಳು ಸಹಿ ಹಾಕಿದಳು. ಸಹಿ ಹೇಗಿರಬೇಕೆಂದು ಹಳೆಯ ನೋಟ್‌ಬುಕ್ಕಿನಲ್ಲಿ ಎಷ್ಟೋ ಪುಟ ಬರೆದು ನೋಡಿದ್ದವಳು. ಕೈ ತಾನಾಗಿ ಅದೇ ದೊಡ್ಡ ಸಹಿಯನ್ನು, ಕೆಳಗೊಂದು ಗೆರೆಯೊಂದಿಗೆ ಹಾಕಿತು.

ಗೋಡೆಯಲ್ಲಿ ಜಾಗವಿರಲಿಲ್ಲ. ಮಾವ ತಮ್ಮದೇ ಹಳೆಯ ಶೀಟೊಂದನ್ನು ಕಿತ್ತು, ಬಾಗಿಲಿಗೆ ನೇರವಾಗಿ, ಕಾಫಿ ಕುಡಿಯುತ್ತ ನಿಲ್ಲುವ ಗಿರಾಕಿಗಳ ಕಣ್ಣಿಗೆ ಬೀಳುವಲ್ಲಿ ಅದನ್ನು ಹೊಡೆದರು. ನಾಲ್ಕು ಮೂಲೆಗೂ ಮೊಳೆ.

ಡಾಕ್ಟರು ಮಾತು ಕಡಿಮೆಯವರಾದರೂ ಈ ವಿಷಯದಲ್ಲಿ ಜಿಪುಣತನ ತೋರಲಿಲ್ಲ. ವಾರದೊಳಗೆ ಊರಿನ ಅಷ್ಟೂ ವರ್ಕ್‌ಶಾಪುಗಳಿಗೆ ಕಿವಿಯವರ ಸೊಸೆಯ ಕಥೆ ಗೊತ್ತಾಯಿತು. ತುಟಿಯ ಮಾತೂ ಹಬ್ಬಿತು, ಆದರೆ ತಮಾಷೆಯಾಗಿ; ಎಂಜಿನ್ ಒಡೆದವಳು ಹೇಳಿಕೊಂಡ ಸಬೂಬು ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಕಿವಿ'ಯ ಹೆಸರಿಗೆ ಎಳ್ಳಷ್ಟೂ ಕುಂದಾಗಲಿಲ್ಲ. ಬೇರೆಲ್ಲಾದರೂ ಕೆಲಸ ಹುಡುಕೋಣವೆಂದು ಅವಳು ಎರಡು ಕಡೆ ಫೋನ್ ಮಾಡಿದಳು. ಇಬ್ಬರೂ ಅವಳ ಹೆಸರು ಕೇಳಿದ ಮೇಲೆ, ಆಮೇಲೆ ಮಾಡ್ತೀವಿ ಎಂದರು. ಮಾವ ಮಾತ್ರ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಯಾರು ಕೇಳಿದರೂ, ಇರಲಿ ಬಿಡಿ, ನಮ್ಮ ಮನೆ ಮಗಳು, ತಪ್ಪು ಯಾರು ತಾನೇ ಮಾಡಲ್ಲ ಎಂದರು. ಎಷ್ಟು ದೊಡ್ಡ ಮನಸ್ಸು ಅಂತ ಕೇಳಿದವರು ಕರಗಿದರು.

ಮುಂದಿನ ಮಂಗಳವಾರ ಒಂದು ಕೆಂಪು ಕಾರು ಬಂತು. ಪಟ್ಟಿ ಬಿಗಿದದ್ದಾಯಿತು, ಫ್ಯಾನ್ ಹಚ್ಚಿದ್ದಾಯಿತು. ಗಿರಾಕಿ ಗೋಡೆಯ ಮೇಲಿನ ಹೊಸ ಶೀಟನ್ನು ಓದಿ, ಸಹಿಯನ್ನು ಓದಿ, ಲ್ಯಾಪ್‌ಟಾಪ್ ಹಿಡಿದು ಕಾರಿಗೆ ಹತ್ತುತ್ತಿದ್ದ ಅವಳನ್ನು ಒಂದು ಥರಾ ನೋಡಿದ. ಗಂಡ ಕಿವಿಗೆ ಸ್ಪಂಜು ತುರುಕಿಕೊಂಡ. ಮಾವ ಹೆಡ್‌ಫೋನ್ ಏರಿಸಿಕೊಂಡು ಡ್ರೈವರ್ ಬಾಗಿಲ ಮುಂದೆ ಬಂದು ನಿಂತರು. ರಬ್ಬರ್ ಪೈಪನ್ನು ಈ ಸಲ ಕೊಳವೆಗೆ ಸಿಕ್ಕಿಸುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಮಡಿಸಿ ಜೇಬಿನೊಳಗೆ ಇಟ್ಟುಕೊಂಡಿದ್ದರು. ಅದನ್ನು ಅವಳು ನೋಡಿದಳು, ಅವಳು ನೋಡಿದ್ದನ್ನು ಅವರೂ ನೋಡಿದರು. ಇನ್ನೊಂದು ಎಂಜಿನ್ ಹೋದರೆ ಯಾರ ಹೆಸರಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಐದು ಸಾವಿರದ ಎಂಟುನೂರರಲ್ಲಿ ಕೆಂಪು ಎದ್ದಿತು. ಅವಳು ತುಟಿ ಕಚ್ಚಿದಳು, ಅವರಿಗೆ ಚೆನ್ನಾಗಿ ಕಾಣಿಸಲೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ರಕ್ತ ಜಿನುಗುವಷ್ಟು ಗಟ್ಟಿಯಾಗಿ ಕಚ್ಚಿದಳು. ಬೆರಳು ಎದ್ದಿತು.